ಅನ್ವರ್ಥನಾಮ

ಬೈತಖೋಲದ ಧಕ್ಕೆಗೆದುರು, ಐಸ್ ಫ್ಯಾಕ್ಟರಿಯ ಮಾಳಿಗೆ.
ಕೆಳಗೆ ಯಂತ್ರ ನಡುಗಿದಾಗಲೆಲ್ಲ
ನನ್ನ ಚಹಾದ ಕಪ್ಪಿನಲ್ಲೊಂದು ಅಲೆ.
ಅಷ್ಟು ಸಮುದ್ರ ಸಾಕು ನನಗೆ. ದೋಣಿ ಹತ್ತಿದರೆ ವಾಂತಿ.

ರಾತ್ರಿ ಒಂದೂವರೆ. ಪರದೆ ತುಂಬ ಒಂದೇ ದೂರು:
ಒಂದು ಹೆಸರಿಗೆ ಹಲವು ವ್ಯಾಖ್ಯೆ.
ಮೊದಲು ಹುಟ್ಟಿದ್ದು ಇಲ್ಲಿ, ಮತ್ತೆ ಹುಟ್ಟಿದ್ದು ಇಲ್ಲಿ,
ಇಲ್ಲಿ, ಇಲ್ಲೂ.
ಹೆಸರು ಪ್ಯಾಕ್ಡ್. ತಲೆಗೆ ಎರಡು ಅಡಿಗೆರೆ.

ಈ ಹೆಸರಿನ ಕೂಸನ್ನು ನಾನು ಹೆತ್ತಿಲ್ಲ.
ಕರ್ನಲ್ಲಿನ ಯಾವ ಮೂಲೆಯಲ್ಲೂ
ಹೀಗೊಬ್ಬನಿಗೆ ಜಾಗ ಬರೆದುಕೊಟ್ಟ ನೆನಪಿಲ್ಲ.
ಅದು ಗುಣ ಮಾರಾಯ, ಬರೀ ಗುಣ,
ಸ್ಟ್ರಕ್ಟಿನ ಬಾಲಕ್ಕೆ, ಅರ್ಧವಿರಾಮಕ್ಕೆ ಮುಂಚೆ ಅಂಟಿಸುವ ಚೀಟಿ.
ಬಂಗುಡೆ ಪೆಟ್ಟಿಗೆಗೆ ಸಾಲಿಗೊಂದು ಪದರ ಐಸು ಸುರಿಯುತ್ತಾರಲ್ಲ,
ಕಂಪೈಲರೂ ಹಾಗೆ, ತನ್ನ ಅನುಕೂಲಕ್ಕೆ
ಬೈಟುಗಳ ನಡುವೆ ಖಾಲಿ ತುಂಬುತ್ತದೆ.
ಬೇಡ, ಇಲ್ಲಿ ಮೀನಿಗೆ ಮೀನು ತಾಗಿರಲಿ,
ಎನ್ನುವ ಚೀಟಿ.

ರೋಹಿದಾಸ ಬಾನಾವಳಿ ನಿದ್ದೆಗಣ್ಣಲ್ಲಿ ಬಂದು ಹಿಂದೆ ನಿಂತ.
ಅವನ ಪಾಲಿಗೆ ಬೆಸುಗೆ, ಆಂಟೆನಾ, ದೋಣಿ ಮಾಲೀಕರ ಜೊತೆ ಜಗಳ.
"ಕಿತೆಂ ಜಾಲೆಂ?"
"ಒಂದೇ ಹೆಸರಿನವರು ಹನ್ನೊಂದು ಜನ."
"ಅದಕ್ಕೇನು? ಧಕ್ಕೆ ಮೇಲೆ ನಿಂತು ತಾಂಡೇಲ ಅಂತ ಕೂಗು,
ಎಷ್ಟು ಕುತ್ತಿಗೆ ತಿರುಗ್ತಾವೆ ನೋಡು."
ಆಕಳಿಸಿ ಹೋಗಿ ಮಲಗಿದ.

ತಿರುಗಿದ್ದು ನನ್ನ ಕುತ್ತಿಗೆ.

ಕೋಡಿಬಾಗ ಶಾಲೆ, ಏಳನೆಯ ಇಯತ್ತೆ.
ರೂಢನಾಮ, ಅಂಕಿತನಾಮ ಮುಗಿಸಿ ಅಕ್ಕೋರು ಸುಣ್ಣದ ಕಡ್ಡಿ ನನ್ನತ್ತ ಚಾಚಿದರು:
"ಕಸುಬಿನಿಂದ ಬಂದದ್ದು ಅನ್ವರ್ಥನಾಮ.
ಸುಮೇಧಾ ತಾಂಡೇಲ, ಎದ್ದು ನಿಲ್ಲು."
ತಾಂಡೇಲ ಅಂದರೆ ಚುಕ್ಕಾಣಿ ಹಿಡಿದವನು.
ಕಾಳಿ ಸೇತುವೆ ದಾಟುವಾಗ ಬಸ್ಸಲ್ಲೂ ಕಣ್ಣು ಮುಚ್ಚುವ ನಾನು
ಎದ್ದು ನಿಂತೆ. ತರಗತಿ ಮುಗಿಯುವವರೆಗೂ ನಕ್ಕರು.
ಅಪ್ಪ ವಿಮಾ ಕಚೇರಿಯ ಗುಮಾಸ್ತ. ಪಕ್ಕದ ಮೇಜಿಗೂ ತಾಂಡೇಲ,
ಅವರ ಬಡ್ತಿಯ ಪತ್ರ ಒಮ್ಮೆ ನಮ್ಮ ಮನೆಗೆ ಬಂದು
ಒಂದು ರಾತ್ರಿ ಪಾಯಸ ಆಗಿತ್ತು.

ಅರ್ಥ ಹೇಳುವವರು ಹೋದ ಮೇಲೆ
ಗುಣ ಹೆಸರಾಗಿ ಕೂತುಬಿಡುತ್ತದೆ.

ಹೆಡರ್ ತೆರೆದೆ. ನೆತ್ತಿಯ ಮೇಲೆ, ಆ ಚೀಟಿಗೆ ಅರ್ಥ ಕೊಡುವ ಕಡತವನ್ನು
ಕರೆಯುವ ಸಾಲೊಂದು ಇರಬೇಕಿತ್ತು. ಇರಲಿಲ್ಲ.
ಅಳಿಸಿದವರ ಹೆಸರು ದಾಖಲೆಯಲ್ಲಿದೆ: ಸು. ತಾಂಡೇಲ, ಹೋದ ತಿಂಗಳು.
ಷರಾ: ಬೇಡದ ಸಾಲು ಗುಡಿಸಿದೆ.

ಅರ್ಥವಾಗದ ಕಂಪೈಲರು ಬೈಯಲೂ ಇಲ್ಲ.
ಇದೂ ಒಂದು ಹೆಸರಿರಬೇಕೆಂದು ಚರವೊಂದನ್ನು ಹೆತ್ತು,
ಜಾಗ ಕೊಟ್ಟು, ಸುಮ್ಮನಾಯಿತು.
ಒಂದೇ ಕಡತ ಇದ್ದಷ್ಟು ದಿನ ಯಾರಿಗೂ ತಕರಾರಿಲ್ಲ.
ಇವತ್ತು ನಾನು ಇನ್ನು ಹತ್ತು ಸೇರಿಸಿದೆ, ಲಿಂಕರು ಬಾಗಿಲಲ್ಲಿ ಹಾಜರಿ ಕರೆಯಿತು.

ಹಾಗಾದರೆ ಆ ದೋಣಿ.
ಕುರುಮಗಡದಾಚೆ ಬಲೆ ಬಿಟ್ಟ ಪರ್ಸಿನ್ ದೋಣಿ ಕಳೆದ ವಾರ
ನಮ್ಮ ನಕಾಶೆಯಲ್ಲಿ ದೇವಿಮನೆ ಘಟ್ಟದ ಮೇಲೆ ನಿಂತಿತ್ತು.
"ಸಿರ್ಸಿ ಸಂತೆಗೆ ಹೊರಟಿರಬೇಕು, ಮೀನು ಸಮೇತ,"
ರೋಹಿದಾಸ ಬಿದ್ದು ಬಿದ್ದು ನಕ್ಕ, ನಾನೂ.
ಆಂಟೆನಾ ಬದಲಿಸಿದೆವು, ಉಪಗ್ರಹವನ್ನು ಬೈದೆವು.
ಮೂರು ಖಾಲಿ ಬೈಟು. ಮೂರು ಚೂರು ಐಸು.
ಅಕ್ಷಾಂಶ ಅಷ್ಟು ಜರುಗಿತ್ತು.
ದೋಣಿಯಲ್ಲಿ ಆರು ಜನ.
ಆ ದಿನ ಗಾಳಿ ಇರಲಿಲ್ಲ.

ಸಾಲನ್ನು ವಾಪಸು ಹಾಕಿದೆ. ಕಟ್ಟಿತು, ಸದ್ದಿಲ್ಲದೆ.
ಷರಾ ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು:
ಹೋದ ತಿಂಗಳು ತೆಗೆದದ್ದು ಬೇಕಿತ್ತು.
ಅಡಿಯಲ್ಲಿ ಸಹಿ, ಅದು ತಾನೇ ಬೀಳುತ್ತದೆ.

ನಾಲ್ಕಕ್ಕೆ ಕೆಳಗೆ ಯಾರೋ ಕೂಗಿದರು, ತಾಂಡೇಲಾ.
ಕಿಟಕಿಗೆ ಹೋದೆ.
ಬೀಡಿ ಕಚ್ಚಿಕೊಂಡವನೊಬ್ಬ ತಿರುಗಿ ನೋಡಿ ಹೂಂ ಎಂದ.
ಕೈಯಲ್ಲಿ ಚುಕ್ಕಾಣಿ ಇತ್ತು.